ಅವಳಿಯಲ್ಲಿ ಒಂದು ಮರಿ ಮೊಲೆ ಚೀಪುತ್ತಿಲ್ಲ, ಬಾಯಿ ತಣ್ಣಗಿದೆ. ಏನು ಮಾಡಲಿ?

ಶಿಡ್ಲಘಟ್ಟ ಹುಳುಮನೆ:
ನಮಸ್ಕಾರ. ನಮ್ಮ ಮೇಕೆ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಈದಿದೆ, ಎರಡು ಮರಿ. ಹೆಣ್ಣುಮರಿ ಆಗಲೇ ಎದ್ದು ಹಾಲು ಕುಡೀತು. ಹೋತಮರಿ ಸಣ್ಣದು, ತಕ್ಕಡಿಯಲ್ಲಿ ಒಂದೂವರೆ ಕೆಜಿ ಬಂತು. ನಿಲ್ಲೋಕೆ ಹೋಗಿ ಕುಸೀತಿದೆ, ಮೊಲೆ ಬಾಯಿಗಿಟ್ಟರೂ ಚೀಪಲ್ಲ, ಕತ್ತು ಜೋತುಬಿದ್ದಿದೆ. ಮಾಸು ಪೂರ್ತಿ ಬಿದ್ದಿದೆ. ಈಗ ಆರೂವರೆ, ಚಳಿ ಜೋರಾಗಿದೆ. ಗೊಟ್ಟದಲ್ಲಿ, ಅಂದರೆ ದನಕ್ಕೆ ಔಷಧಿ ಹುಯ್ಯೋ ಬಿದಿರ ಕೊಳವೆಯಲ್ಲಿ, ಹಾಲು ಹುಯ್ಯೋಣ ಅಂತಾರೆ ಮಾವ. ಗಿಣ್ಣುಹಾಲು ಕುಡಿದ್ರೆ ಮರಿಗೆ ಭೇದಿ ಆಗುತ್ತೆ, ಕರೆದು ಚೆಲ್ಲು ಅಂತಾರೆ ಅತ್ತೆ. ಬೇಗ ಹೇಳಿ.

ಮಧುಗಿರಿ ಮೇಕೆದೊಡ್ಡಿ:
ಅಕ್ಕ, ಗೊಟ್ಟ ಬೇಡವೇ ಬೇಡ. ಚೀಪೋ ಶಕ್ತಿ ಇಲ್ಲದ ಮರಿಗೆ ನುಂಗೋ ಶಕ್ತಿಯೂ ಇರಲ್ಲ, ಹುಯ್ದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ. ಗಿಣ್ಣುಹಾಲನ್ನೂ ಚೆಲ್ಲಬೇಡಿ. ಮೇಕೆಯ ಹೊಟ್ಟೆಯಲ್ಲಿರುವಾಗ ಮರಿಗೆ ತಾಯಿಯಿಂದ ರೋಗನಿರೋಧಕ ಶಕ್ತಿ ಬಂದಿರಲ್ಲ, ಅದೆಲ್ಲ ಸಿಗೋದು ಈ ಹಾಲಿನಲ್ಲೇ. ಅದನ್ನು ಹೀರಿಕೊಳ್ಳೋ ತಾಕತ್ತು ಮರಿಯ ಕರುಳಿಗೆ ಗಂಟೆಗಂಟೆಗೂ ಇಳೀತಾ ಹೋಗಿ, 24 ಗಂಟೆ ಆಗೋ ಹೊತ್ತಿಗೆ ಮುಗಿದೇ ಹೋಗುತ್ತೆ. ಅತ್ತೆಯವರಿಗೆ ಇದನ್ನೇ ಹೇಳಿ, ಒಪ್ಪುತ್ತಾರೆ.

ಆದರೆ ಈಗಲೇ ಹಾಲು ಕೊಡಬೇಡಿ, ಮೊದಲು ಮೈ ಬಿಸಿ ನೋಡಿ. ಮನೆಯಲ್ಲಿ ಜ್ವರ ನೋಡೋ ಥರ್ಮಾಮೀಟರ್ ಇದ್ದರೆ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿಡಿ. ಮರಿಗೆ 102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರಬೇಕು. 99ಕ್ಕಿಂತ ಕೆಳಗಿದ್ದರೆ ಹಾಲು ಅರಗಲ್ಲ. ಎಷ್ಟು ಬಂತು ಹೇಳಿ.

ಶಿಡ್ಲಘಟ್ಟ ಹುಳುಮನೆ:
97.2 ಬಂತು ಅಣ್ಣ. ಬಾಯೊಳಗೆ ಬೆರಳಿಟ್ಟರೆ ತಣ್ಣಗಿದೆ. ಚಾಕಿ ಹುಳುವಿಗೆ (ಎಳೆ ರೇಷ್ಮೆಹುಳು) ಇಡೋ ಹೀಟರ್ ಇದೆ, ಹುಳುಮನೆಗೇ ಒಯ್ಯಲಾ? ಈ ಬೆಳೆ ಗೂಡು ಬಿಡಿಸಿ ಆಗಿದೆ, ಮನೆ ಖಾಲಿ ಇದೆ.

ಮಧುಗಿರಿ ಮೇಕೆದೊಡ್ಡಿ:
ಗೂಡು ಬಿಡಿಸಿದ ಮೇಲೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಏನಾದರೂ ಹೊಡೆದಿದ್ದರೆ ಅಲ್ಲಿಗೆ ಒಯ್ಯಬೇಡಿ, ಆ ಘಾಟು ಎಳೆ ಮರಿ ತಡೆಯಲ್ಲ. ಹೀಟರನ್ನೇ ಅಡುಗೆಮನೆಗೆ ತನ್ನಿ. ಒಣ ಗೋಣಿಚೀಲದಿಂದ ಮೈ ಚೆನ್ನಾಗಿ ಉಜ್ಜಿ, ಕಿವಿ, ಹೊಟ್ಟೆಯ ಕೆಳಗೂ ತೇವ ಉಳೀಬಾರದು. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಎರಡು ಪಕ್ಕಕ್ಕೂ ಇಡಿ. ತಣ್ಣಗಾದ ಹಾಗೆಲ್ಲ ನೀರು ಬದಲಾಯಿಸಿ, ಇಲ್ಲದಿದ್ದರೆ ಅದೇ ಬಾಟಲಿ ಮೈ ಬಿಸಿ ಎಳೆದುಕೊಳ್ಳುತ್ತೆ.

ಒಂದು ಸಮಾಧಾನ ಅಂದರೆ ಮರಿ ಹುಟ್ಟಿ ಇನ್ನೂ ಐದು ಗಂಟೆ ಆಗಿಲ್ಲ. ಹುಟ್ಟುವಾಗ ಮೈಯಲ್ಲಿ ಬಂದ ಕೊಬ್ಬು ಅಷ್ಟು ಹೊತ್ತಿಗೆ ಕರಗಿಹೋಗುತ್ತೆ. ಆಮೇಲೆ ತಣ್ಣಗಾದ ಮರಿಯನ್ನು ಬರೀ ಕಾಯಿಸಿದರೆ ರಕ್ತದಲ್ಲಿ ಸಕ್ಕರೆ ಸಾಲದೆ ಸೆಳೆತ ಬಂದು ಸಾಯುತ್ತೆ. ಅಂಥ ಮರಿಗೆ ಮೊದಲು ಡಾಕ್ಟರು ಸೂಜಿಯಲ್ಲಿ ಹೊಟ್ಟೆಯೊಳಕ್ಕೆ ಗ್ಲೂಕೋಸ್ ಕೊಡಬೇಕು. ನೀವು ಈಗಲೇ ಕಾಯಿಸಬಹುದು, ತಡ ಮಾಡಬೇಡಿ.

ಮುಳಬಾಗಿಲು ಹಟ್ಟಿ:
ಮರಿ ಬಿಸಿ ಆಗೋದರೊಳಗೆ ತಾಯಿಯ ಕೆಚ್ಚಲು ನೋಡಿ ಅಕ್ಕ. ಮೊಲೆ ತುದಿಯಲ್ಲಿ ಮೇಣದ ಥರದ ಬಿರಡೆ ಕೂತಿರುತ್ತೆ. ಗಟ್ಟಿಮುಟ್ಟಾದ ಮರಿ ಎಳೆದು ಬಿಚ್ಚಿಕೊಳ್ಳುತ್ತೆ, ಇದರ ಕೈಲಿ ಆಗಲ್ಲ. ಎರಡೂ ಮೊಲೆಯಿಂದ ಒಂದೆರಡು ಧಾರೆ ತೆಗೆದುಬಿಡಿ. ಆಮೇಲೆ ಶುದ್ಧ ಲೋಟಕ್ಕೆ 75 ಎಂಎಲ್ ಕರೆಯಿರಿ, ಒಂದೂವರೆ ಕೆಜಿ ಮರಿಗೆ ಒಂದು ಸಲಕ್ಕೆ ಅಷ್ಟು. ಇವತ್ತು ರಾತ್ರಿಯೊಳಗೆ ಹಾಗೆ ಮೂರು ನಾಲ್ಕು ಸಲ ಹೊಟ್ಟೆ ಸೇರಬೇಕು. ಹಾಲು ತಣ್ಣಗಾದರೆ ಲೋಟವನ್ನು ಬಿಸಿನೀರಿನ ಬೋಗುಣಿಯಲ್ಲಿಡಿ. ನೇರ ಒಲೆ ಮೇಲಿಟ್ಟರೆ ಗಿಣ್ಣು ಒಡೆದು ಗಟ್ಟಿಯಾಗುತ್ತೆ.

ಶಿಡ್ಲಘಟ್ಟ ಹುಳುಮನೆ:
ಈಗ 100.8 ಇದೆ! ತಲೆ ಎತ್ತಿದೆ, ಬೆರಳು ಇಟ್ಟರೆ ಚೀಪ್ತಿದೆ. ಮಗುವಿನ ಹಾಲಿನ ಬಾಟಲಿಯಲ್ಲಿ ಕೊಡಬಹುದಾ?

ಮಧುಗಿರಿ ಮೇಕೆದೊಡ್ಡಿ:
ಕೊಡಿ, ಚೀಪೋ ಮರಿಗೆ ಭಯವಿಲ್ಲ. ನಿಲ್ಲಿಸಿ ಕೊಡಿ, ಕತ್ತನ್ನು ತಾಯಿ ಮೊಲೆ ಹಿಡಿಯುವಷ್ಟು ಮಾತ್ರ ಎತ್ತಿರಲಿ. ಬೆನ್ನ ಮೇಲೆ ಮಲಗಿಸಬೇಡಿ. ಹೊಕ್ಕುಳಬಳ್ಳಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಪೂರ್ತಿ ಅದ್ದಿ, ಎರಡೂ ಮರಿಗೆ. ಕೀಲು ಊದೋ ರೋಗ ಅಲ್ಲಿಂದಲೇ ಒಳಹೊಗುತ್ತೆ. ಬಿಸಿ ಮತ್ತೆ ಇಳಿದರೆ, ಇಲ್ಲ ಚೀಪೋದು ನಿಲ್ಲಿಸಿದರೆ, ಕಾಯಬೇಡಿ, 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಿ. ಡಾಕ್ಟರು ನಳಿಕೆ ಹಾಕಿ ನೇರ ಹೊಟ್ಟೆಗೆ ಹಾಲು ಬಿಡುತ್ತಾರೆ.

ಶಿಡ್ಲಘಟ್ಟ ಹುಳುಮನೆ:
ಬಾಟಲಿ ಖಾಲಿ ಮಾಡ್ತು, ಕಪ್ಪಗೆ ಅಂಟಂಟು ಹಿಕ್ಕೆಯನ್ನೂ ಹಾಕ್ತು. ಆದರೆ ವಾಪಸ್ ಬಿಟ್ಟರೆ ತಾಯಿ ಮೂಸಿ ನೋಡಿ ಹಾಯ್ತಿದೆ.

ಮುಳಬಾಗಿಲು ಹಟ್ಟಿ:
ಒಳಗಿಟ್ಟು ಉಜ್ಜಿದ್ದಕ್ಕೆ ವಾಸನೆ ಬದಲಾಗಿರುತ್ತೆ, ಮೇಕೆ ಮರಿಯನ್ನು ಗುರುತಿಸೋದೇ ವಾಸನೆಯಿಂದ. ತಾಯಿಯ ಹಾಲನ್ನೇ ಮರಿಯ ಬೆನ್ನು, ಬಾಲದ ಬುಡಕ್ಕೆ ಸವರಿ. ತಾಯಿಯನ್ನು ಗೋಡೆಗೆ ಒತ್ತಿ ಗಿಡ್ಡ ಹಗ್ಗದಲ್ಲಿ ಕಟ್ಟಿ, ಒಬ್ಬರು ಕತ್ತು ಹಿಡಿದುಕೊಳ್ಳಿ, ಒಬ್ಬರು ಮರಿಯನ್ನು ಮೊಲೆಗೆ ಬಿಡಿ. ಎರಡೂ ಮರಿಗಳನ್ನು ಒಂದೇ ಕಡೆ ಮಲಗಿಸಿ. ಹೊಡೆಯಬೇಡಿ, ಈದ ಮೇಕೆ ಬೆದರಿದರೆ ಹಾಲು ಬಿಡಲ್ಲ.

ಶಿಡ್ಲಘಟ್ಟ ಹುಳುಮನೆ:
ಅತ್ತೆ ಕತ್ತು ಹಿಡಿದರು, ನಾನು ಬಿಟ್ಟೆ. ಬಾಲ ಅಲ್ಲಾಡಿಸಿಕೊಂಡು ಕುಡೀತಿದೆ! ನಿಮ್ಮ ಉಪಕಾರ ಮರೆಯಲ್ಲ. ತಾಯಿಗೆ ಹಿಪ್ಪುನೇರಳೆ ಸೊಪ್ಪು ಹಾಕಬಹುದಾ?

ಮಧುಗಿರಿ ಮೇಕೆದೊಡ್ಡಿ:
ಧಾರಾಳವಾಗಿ ಹಾಕಿ ಅಕ್ಕ, ಹಾಲಿಗೆ ಒಳ್ಳೇದು. ತೋಟದಿಂದ ಕೊಯ್ದ ತಾಜಾ ಸೊಪ್ಪು ಇರಲಿ. ಹುಳುವಿನ ಹಾಸಿಗೆಯಿಂದ ತೆಗೆದದ್ದು, ಪುಡಿ ಎರಚಿದ್ದು, ಔಷಧಿ ಹೊಡೆದ ತೋಟದ್ದು ಬೇಡ. ಕುಡಿಯೋಕೆ ಇವತ್ತೊಂದು ದಿನ ಬೆಚ್ಚಗಿನ ನೀರಿಡಿ.