ಕಂತಿನಲ್ಲಿ ಜಾಗ ಕೊಡಲು ಮಾರುವವರನ್ನು ಒಪ್ಪಿಸುವುದು ಹೇಗೆ? ವಕೀಲರಿಗೆ ಪ್ರಶ್ನೆಗಳು

ಬದಿಯಡ್ಕದ ಸದಸ್ಯ: ನಮಸ್ಕಾರ ವಕೀಲರೇ. ಹತ್ತು ಸೆಂಟ್ಸ್ ಜಾಗ ನೋಡಿದ್ದೇನೆ. ನನ್ನದು ಅಡಿಕೆ ವ್ಯಾಪಾರ, ಸಂಬಳದ ಚೀಟಿ ಇಲ್ಲ, ಬ್ಯಾಂಕ್ ಸಾಲ ಸಿಗುತ್ತಿಲ್ಲ. ಮೂರು ವರ್ಷದ ಕಂತಿಗೆ ಮಾರುವವರನ್ನು ಹೇಗೆ ಒಪ್ಪಿಸಲಿ?

ವಕೀಲರು: ನಮಸ್ಕಾರ. ಯಾಕೆ ಮಾರುತ್ತಿದ್ದಾರೆ ಎಂದು ಮೊದಲು ಕೇಳಿ. ಮಗಳ ಮದುವೆಗೆ ಎಂದಾದರೆ ಕಂತಿನ ಮಾತೇ ಬೇಡ. ಬಂದ ಹಣವನ್ನು ಬ್ಯಾಂಕಿನಲ್ಲಿ ಇಡುವವರಾದರೆ, ಎಫ್‌ಡಿಗಿಂತ ಸ್ವಲ್ಪ ಜಾಸ್ತಿ ಬಡ್ಡಿ ಕೊಡುತ್ತೇನೆ ಎನ್ನಿ. ಮೂರರಲ್ಲಿ ಒಂದು ಪಾಲು ಮೊದಲೇ ಕೊಡಿ. ಆಧಾರ (ನೋಂದಣಿ ಮಾಡಿಸುವ ಕ್ರಯಪತ್ರ) ಆದ ಮೇಲೆ ಹಣ ಬಾರದಿದ್ದರೆ ಎಂಬುದೇ ಅವರ ಹೆದರಿಕೆ. ಬಾಕಿ ಎಷ್ಟು, ಯಾವಾಗ ಎಂದು ಆಧಾರದಲ್ಲೇ ಬರೆಸಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಆ ಬಾಕಿಗೆ ಜಾಗದ ಮೇಲೆ ಅವರಿಗೆ ಹಕ್ಕು ಉಳಿಯುತ್ತದೆ. ಇದನ್ನು ಅವರ ವಕೀಲರಿಂದಲೇ ಹೇಳಿಸಿ, ಆಗ ನಂಬುತ್ತಾರೆ.

ಉಪ್ಪಳದ ಸದಸ್ಯ: ಅಡ್ವಾನ್ಸ್ ನಗದಾಗಿ ಕೇಳುತ್ತಾರೆ. ಕೊಡಬಹುದಾ?

ವಕೀಲರು: ಬೇಡ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ದಂಡ ಬೀಳುತ್ತದೆ.

ಪೆರ್ಲದ ಸದಸ್ಯೆ: ನಾವು ಆರು ಲಕ್ಷ ಬ್ಯಾಂಕ್ ಮೂಲಕ ಕೊಟ್ಟು ಮನೆಯಲ್ಲಿ ವಾಸ ಇದ್ದೇವೆ. ಬಾಕಿ ಎರಡು ಲಕ್ಷ. ಕರಾರು ನೋಂದಣಿ ಆಗಿಲ್ಲ. ಆಧಾರ ಮಾಡಿಕೊಡುವ ತಾರೀಕು ದಾಟಿ ಹೋಗಿದೆ. ಅವರು ಈಗ ಫೋನ್ ಎತ್ತುವುದಿಲ್ಲ.

ನೀರ್ಚಾಲಿನ ಸದಸ್ಯ: ಅಕ್ಕ, ಹೆದರಬೇಡಿ. ವಾಟ್ಸಾಪಿನಲ್ಲಿ ಬಂದಿತ್ತು, 12 ವರ್ಷ ಕೂತರೆ ಜಾಗ ನಿಮ್ಮದೇ. ಸುಮ್ನೆ ಇರಿ.

ವಕೀಲರು: ದಯವಿಟ್ಟು ಇದನ್ನು ಯಾರೂ ಫಾರ್ವರ್ಡ್ ಮಾಡಬೇಡಿ. ಒಡೆಯರ ಒಪ್ಪಿಗೆಯಿಂದ ಒಳಗೆ ಬಂದವರಿಗೆ ಆ 12 ವರ್ಷದ ಲೆಕ್ಕ ಹಾಗೆ ಸಿಗುವುದಿಲ್ಲ. ಅಕ್ಕ, ನಿಮ್ಮ ವಿಷಯ ನನಗೆ ಚಿಂತೆ ತಂದಿದೆ. ಕರಾರಿನಲ್ಲಿ ತಾರೀಕು ಇದ್ದರೆ ಅಲ್ಲಿಂದ ಮೂರೇ ವರ್ಷ. ಅಷ್ಟರಲ್ಲಿ ಆಧಾರ ಮಾಡಿಕೊಡಿ ಎಂದು ದಾವೆ ಹೂಡಬೇಕು. ಸುಮ್ಮನೆ ಕೂತರೆ ಆ ದಾರಿ ಮುಚ್ಚುತ್ತದೆ. 2001ರ ತಿದ್ದುಪಡಿಯ ನಂತರ, ನೋಂದಣಿ ಆಗದ ಕರಾರು ಹಿಡಿದು ಸ್ವಾಧೀನ ಉಳಿಸಿಕೊಳ್ಳುವುದು ಕಷ್ಟ. ಆದರೆ ಈ ದಾವೆಯಲ್ಲಿ ಅದೇ ಕರಾರನ್ನು ಸಾಕ್ಷಿಯಾಗಿ ಕೊಡಬಹುದು. ಬಾಕಿ ಎರಡು ಲಕ್ಷ ಕೊಡಲು ತಯಾರಿದ್ದೀರಿ ಎಂದೂ ತೋರಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಬಾಧ್ಯತಾ ಸರ್ಟಿಫಿಕೇಟ್ (ಜಾಗದ ಮೇಲೆ ನೋಂದಣಿ ಆದ ಮಾರಾಟ, ಅಡಮಾನ ತೋರಿಸುವ ಕಾಗದ, ಇಸಿ) ತೆಗೆಸಿ. ಆಧಾರ ಮಾಡಿಕೊಡಲು ಕರಾರಿನಲ್ಲಿ ಬರೆದ ತಾರೀಕು ಯಾವುದು?

ಮಂಜೇಶ್ವರದ ಸದಸ್ಯ: ಮಾರುವವರು ಗಲ್ಫಿನಲ್ಲಿದ್ದರೆ ಪವರ್ ಆಫ್ ಅಟಾರ್ನಿ ಸಾಕಾ?

ಕುಂಬಳೆಯ ಸದಸ್ಯ: ಎಲ್ಲರೂ ಕೊಳ್ಳುವವರ ಪರ. ನಮ್ಮ ಅಪ್ಪ ಕಂತಿಗೆ ಕೊಟ್ಟು ನಾಲ್ಕು ವರ್ಷ ಕೋರ್ಟಿಗೆ ಅಲೆದರು.

ಬದಿಯಡ್ಕದ ಸದಸ್ಯ: ಎಲ್ಲರೂ ಮೋಸಗಾರರಲ್ಲ.

ಕುಂಬಳೆಯ ಸದಸ್ಯ: ಕೈಯಲ್ಲಿ ಹಣ ಇಲ್ಲದಿದ್ದರೆ ಜಾಗ ನೋಡಲು ಯಾಕೆ ಹೋಗುತ್ತೀರಿ?

ಬದಿಯಡ್ಕದ ಸದಸ್ಯ: ಮರ್ಯಾದೆಯಿಂದ ಮಾತಾಡಿ. ಬಾಡಿಗೆ ಮನೆಯಲ್ಲೇ ಸಾಯಬೇಕಾ ನಾವು?

ಉಪ್ಪಳದ ಸದಸ್ಯ: ಅಡ್ವಾನ್ಸ್ ಸ್ವಲ್ಪ ಸ್ವಲ್ಪವೇ ನಗದಾಗಿ ಕೊಟ್ಟರೆ?

ವಕೀಲರು: ಬೇಡ ಎಂದೆನಲ್ಲ.

ನೀರ್ಚಾಲಿನ ಸದಸ್ಯ: ನೋಟರಿ ಮಾಡಿಸಿದರೆ ಆಧಾರವೇ ಬೇಡವಂತೆ, ಒಂದು ವಿಡಿಯೋದಲ್ಲಿ ನೋಡಿದೆ.

ವಕೀಲರು: ಸುಳ್ಳು. ನೋಟರಿಯ ಸೀಲಿನಿಂದ ಜಾಗ ಯಾರ ಹೆಸರಿಗೂ ಆಗುವುದಿಲ್ಲ. ಇನ್ನು ಇಂಥದ್ದು ಹಾಕಿದರೆ ನಾನು ಉತ್ತರಿಸುವುದನ್ನೇ ನಿಲ್ಲಿಸುತ್ತೇನೆ. ಪೆರ್ಲದ ಅಕ್ಕ, ತಾರೀಕು?

ಪೆರ್ಲದ ಸದಸ್ಯೆ: ಈಗ ಕರಾರು ತೆಗೆದು ನೋಡಿದೆ. ಮುಂದಿನ ತಿಂಗಳು ಹತ್ತಕ್ಕೆ ಮೂರು ವರ್ಷ ಆಗುತ್ತದೆ.

ವಕೀಲರು: ನಾಳೆ ಬೆಳಿಗ್ಗೆಯೇ ಕಾಗದ ಎಲ್ಲ ಹಿಡಿದುಕೊಂಡು ಬನ್ನಿ. ಫೀಸಿನ ಮಾತು ಆಮೇಲೆ.