80 ಊರು, ಅರ್ಧಕ್ಕೆ ಮಾತ್ರ ಹಣ: ಸರ್ವೆಗೆ ಎಷ್ಟು ಮನೆ ಬೇಕು?

ಪ್ರಶ್ನೆ:
ಬಡ ಕುಟುಂಬಗಳಿಗೆ ಸಹಾಯಧನದ ಜೊತೆ ಕಸುಬಿನ ತರಬೇತಿ ಕೊಡುವ ಯೋಜನೆ. ಒಟ್ಟು 80 ಊರು, ಮೊದಲ ವರ್ಷದ ಹಣ 40ಕ್ಕೆ ಮಾತ್ರ. ಯೋಜನೆಯಿಂದ ಆದಾಯ ಏರಿತೇ ಎಂದು ತಿಳಿಯಲು ಊರಿಗೆ 20 ಮನೆ ಸರ್ವೆ ಮಾಡುವ ಅಂದಾಜಿದೆ. 40 ಮನೆ ಮಾಡಿದರೆ ಲೆಕ್ಕ ಗಟ್ಟಿಯಾಗುತ್ತದೆಯೇ? ತೀರಾ ಹಿಂದುಳಿದ ಊರುಗಳಿಗೇ ಮೊದಲು ಕೊಟ್ಟು, ಅಲ್ಲಿನ ಹಿಂದಿನ ಮತ್ತು ಈಗಿನ ಆದಾಯ ಹೋಲಿಸಿದರೆ ಸಾಲದೇ?

ಉತ್ತರ 1:
ಎರಡನೆಯದು ಮೊದಲು: ಸಾಲದು. ಕೆಟ್ಟ ವರ್ಷ ನೋಡಿ ಆರಿಸಿದ ಊರು ಮುಂದಿನ ವರ್ಷ ತಾನಾಗಿಯೇ ಒಂದಿಷ್ಟು ಮೇಲೇಳುತ್ತದೆ. ಆ ಏರಿಕೆಯೂ ಯೋಜನೆಯ ಖಾತೆಗೇ ಬೀಳುತ್ತದೆ. ಜನಸಂಖ್ಯೆ, ಪೇಟೆಯ ದೂರ ನೋಡಿ ಊರುಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಗೂ ಎಲ್ಲರೆದುರು ಚೀಟಿ ಎತ್ತಿ: ಹೆಸರು ಬಂದ ಊರಿಗೆ ಯೋಜನೆ, ಇನ್ನೊಂದು ಹೋಲಿಕೆಗೆ. ತೀರಾ ಬಡ ಹತ್ತು ಊರನ್ನು ಬಿಡಲು ಮನಸ್ಸಿಲ್ಲವೇ? ಅವಕ್ಕೆ ನೇರವಾಗಿ ಕೊಟ್ಟು ಲೆಕ್ಕದಿಂದ ಹೊರಗಿಡಿ. ಆಗ ಜೋಡಿ ಬಿಟ್ಟು, ಉಳಿದ 70ರಲ್ಲಿ 30ಕ್ಕೆ ಚೀಟಿ ಎತ್ತಿ. ಲೆಕ್ಕದ ಬಲ ಸ್ವಲ್ಪ ತಗ್ಗುತ್ತದೆ, ಅಷ್ಟೇ.

ಉತ್ತರ 2:
ಮನೆ ಹೆಚ್ಚಿಸಿ ಸಿಗುವುದು ಕಡಿಮೆ. ಒಂದೇ ಊರಿನ ಮನೆಗಳು ಒಂದೇ ಮಳೆ, ಒಂದೇ ಸಂತೆಯನ್ನು ನಂಬಿರುತ್ತವೆ. ಆ ಹೋಲಿಕೆಯ ಅಳತೆ (ಐಸಿಸಿ) 0.1 ಎಂದಿಟ್ಟುಕೊಳ್ಳಿ. ಊರಿಗೆ 20 ಮನೆಯಾದರೆ 1 + 19 × 0.1 = 2.9. ಮನೆಗಳ ತೂಕವನ್ನು ಇದರಿಂದ ಭಾಗಿಸಬೇಕು. ಅಂದರೆ ಒಂದು ಗುಂಪಿನ (40 ಊರಿನ) 800 ಮನೆಗೆ ಸುಮಾರು 276 ಬಿಡಿ ಮನೆಗಳ ತೂಕವಷ್ಟೇ. 80% ಪವರ್ (ಪರಿಣಾಮ ನಿಜವಿದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ), 5% ಮಟ್ಟದಲ್ಲಿ (ಪರಿಣಾಮ ಇಲ್ಲದಿದ್ದರೂ ಇದೆ ಎನ್ನಿಸುವ ಸಾಧ್ಯತೆ) ಹಿಡಿಯಬಹುದಾದ ಅತಿ ಚಿಕ್ಕ ಪರಿಣಾಮ 0.24 ಸ್ಟ್ಯಾಂಡರ್ಡ್ ಡಿವಿಯೇಷನ್ (ಮನೆಮನೆಯ ಆದಾಯದ ಏರುಪೇರಿನ ಅಳತೆ). 40 ಮನೆ ಮಾಡಿದರೆ 0.22. ಸರ್ವೆ ಖರ್ಚು ಹೆಚ್ಚುಕಡಿಮೆ ಇಮ್ಮಡಿ, ಲಾಭ ಚೂರು! ಆ ಹಣದಲ್ಲಿ ಊರು ಹೆಚ್ಚಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಅದೇ ಮನೆಗಳಿಗೆ ಬೇಸ್‌ಲೈನ್ ಸರ್ವೆ (ಯೋಜನೆ ಶುರುವಾಗುವ ಮುಂಚಿನದು) ಮಾಡಿ. ಹಳೆಯ ಆದಾಯವನ್ನು ಲೆಕ್ಕಕ್ಕೆ ಸೇರಿಸಿದರೆ ಏರುಪೇರು ಇಳಿಯುತ್ತದೆ.

ಉತ್ತರ 3:
ಇಂಥ ಅಧ್ಯಯನಗಳು ಹೆಚ್ಚಾಗಿ ಕೆಡುವುದು ಇನ್ನೊಂದು ಕಡೆ. ಅರ್ಹ ಮನೆಗಳಲ್ಲಿ ಅರ್ಧದಷ್ಟೇ ತರಬೇತಿಗೆ ಬಂದರೆ ಸರಾಸರಿ ಪರಿಣಾಮವೂ ಅರ್ಧ. ಆಗ 0.24 ಕಾಣಿಸಬೇಕಾದರೆ ಬಂದವರಲ್ಲಿ 0.48 ಆಗಿರಬೇಕು, ಅದು ಭಾರೀ ದೊಡ್ಡದು. ಹಾಗೆಂದು ಬಂದವರನ್ನಷ್ಟೇ ಎಣಿಸಬೇಡಿ, ಹುಮ್ಮಸ್ಸಿನವರೇ ಬಂದಿರುತ್ತಾರೆ. ಅರ್ಹರ ಪಟ್ಟಿ ಎರಡೂ ಕಡೆ ಚೀಟಿ ಎತ್ತುವ ಮುಂಚೆಯೇ ಮುಗಿದಿರಲಿ, ಕೊನೆಗೆ ಆ ಪಟ್ಟಿಯ ಮನೆಗಳಿಗೇ ಹೋಗಿ. ಗುಳೆ ಹೋದವರನ್ನೂ ಹುಡುಕಬೇಕು: ಒಂದು ಗುಂಪಿನಲ್ಲಿ 5%, ಇನ್ನೊಂದರಲ್ಲಿ 15% ಮನೆ ಕೈತಪ್ಪಿದರೆ ಚೀಟಿ ಎತ್ತಿದ್ದೇ ದಂಡ. ಸರ್ವೆ ಮಾಡುವವರು ಯೋಜನೆಯ ಸಿಬ್ಬಂದಿಯಾಗಿರಬಾರದು. ಹಣ ಕೊಟ್ಟವರ ಮುಂದೆ ಯಾರೂ ಸರಿಯಾದ ಆದಾಯ ಹೇಳುವುದಿಲ್ಲ.

ಪ್ರಶ್ನಿಸಿದವರು:
ಹಣದಿಂದ ಎಷ್ಟು, ತರಬೇತಿಯಿಂದ ಎಷ್ಟು ಎಂದು ಬೇರ್ಪಡಿಸಬಹುದೇ?

ಉತ್ತರ 2:
ಮೂರು ಗುಂಪು ಬೇಕು: ಏನೂ ಇಲ್ಲ, ಹಣ ಮಾತ್ರ, ಹಣ-ತರಬೇತಿ. ಉದಯಪುರದ ಲಸಿಕೆ ಅಧ್ಯಯನದಲ್ಲಿ ಹಾಗೇ ಮಾಡಿದ್ದರು: ಏನೂ ಇಲ್ಲದ ಊರುಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು 6%, ತಪ್ಪದೆ ನಡೆದ ಶಿಬಿರವಿದ್ದಲ್ಲಿ 18%, ಶಿಬಿರದ ಜೊತೆ ಪ್ರತಿ ಸಲ 1 ಕೆಜಿ ಬೇಳೆ ಕೊಟ್ಟಲ್ಲಿ 39%. ಬೇಳೆ ಕೊಟ್ಟರೂ ಒಂದು ಮಗುವಿಗೆ ತಗಲುವ ಖರ್ಚು ಇಳಿಯಿತು, ಏಕೆಂದರೆ ಎಷ್ಟೇ ಮಕ್ಕಳು ಬಂದರೂ ನರ್ಸಿನ ದಿನದ ಸಂಬಳ ಅಷ್ಟೇ. ನಿಮ್ಮಲ್ಲಿ 80 ಊರನ್ನು ಮೂರು ಪಾಲು ಮಾಡಿದರೆ ಹಿಡಿಯಬಹುದಾದ ಅತಿ ಚಿಕ್ಕ ಪರಿಣಾಮ 0.24ರಿಂದ 0.29ಕ್ಕೆ ಏರುತ್ತದೆ. ಹಣ ಮತ್ತು ಹಣ-ತರಬೇತಿ ನಡುವಿನ ಅಂತರ ಅಷ್ಟು ದೊಡ್ಡದಿರುವುದು ಅನುಮಾನ. ಈ ಸಲ ಎರಡೇ ಗುಂಪು ಇಡಿ.