ಮಲೆನಾಡಿನಲ್ಲಿ ಸ್ಕೌಟ್ ಮಕ್ಕಳ ಬೇಸಿಗೆ ಶಿಬಿರ: ಏನು ಮಾಡಿಸಬೇಕು, ಎಲ್ಲಿ ಎಚ್ಚರ ವಹಿಸಬೇಕು?

ಪ್ರಶ್ನೆ — ಪ್ರೌಢಶಾಲಾ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಸ್ಕೌಟ್ ದಳದ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಬೇಸಿಕ್ ಕೋರ್ಸ್ ಮುಗಿಸಿದ್ದೇನೆ, ಆದರೆ ಶಿಬಿರವೊಂದನ್ನು ಸ್ವತಃ ನಡೆಸಿದ ಅನುಭವ ನನಗಿಲ್ಲ. ಏಪ್ರಿಲ್‌ನಲ್ಲಿ ರಜೆ ಆರಂಭವಾದ ಕೂಡಲೇ, ಮಕ್ಕಳು ನೆಂಟರ ಮನೆಗೆ ಹೊರಟುಬಿಡುವ ಮೊದಲು, ಎಂಟು ಮತ್ತು ಒಂಬತ್ತನೆಯ ತರಗತಿಯವರಿಗೆ ನಾಲ್ಕು ದಿನಗಳ ವಸತಿ ಶಿಬಿರ ಮಾಡಬೇಕೆಂಬ ಯೋಚನೆಯಿದೆ. ಗೈಡ್ ದಳದ ವಿದ್ಯಾರ್ಥಿನಿಯರೂ ತಮ್ಮ ಕ್ಯಾಪ್ಟನ್ ಜೊತೆ ಬರುತ್ತಾರೆ. ಬಹುತೇಕ ಮಕ್ಕಳು ಸ್ಕೌಟ್ ತರಬೇತಿಯ ಹಂತಗಳಲ್ಲಿ ಪ್ರಥಮ ಸೋಪಾನ ಮುಗಿಸಿ ದ್ವಿತೀಯ ಸೋಪಾನದ ಸಿದ್ಧತೆಯಲ್ಲಿದ್ದಾರೆ.

ಪೋಷಕರ ಸಭೆಯಲ್ಲಿ ಈ ವಿಷಯ ಪ್ರಸ್ತಾಪವಾದಾಗ ಎರಡು ಬಗೆಯ ಮಾತು ಬಂತು. ಒಂದು ಬಸ್ ಮಾಡಿಕೊಂಡು ಜೋಗ, ಕೊಡಚಾದ್ರಿ, ಸಕ್ರೆಬೈಲು ತೋರಿಸಿಕೊಂಡು ಬಂದರೆ ಅದೇ ಸಾಹಸ ಎಂದು ಕೆಲವರು ಹೇಳಿದರು. ಮಂಗನ ಕಾಯಿಲೆಯ ಕಾಲದಲ್ಲಿ ಮಕ್ಕಳನ್ನು ಕಾಡಿನ ಕಡೆ ಕಳಿಸುವುದೇ ಬೇಡ ಎಂದು ಇನ್ನು ಕೆಲವರು ಪಟ್ಟು ಹಿಡಿದರು. ಮೊದಲನೆಯದು ನನಗೆ ಒಪ್ಪಿಗೆಯಾಗುತ್ತಿಲ್ಲ, ಎರಡನೆಯದನ್ನು ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ಶಾಲೆಗೆ ದೊಡ್ಡ ಮೈದಾನವಿದೆ, ಪಕ್ಕದಲ್ಲಿ ಅಡಕೆ ತೋಟವಿದೆ, ಸ್ವಲ್ಪ ದೂರದಲ್ಲಿ ಹಳ್ಳವಿದೆ. ಇಷ್ಟರಲ್ಲಿ ಮಕ್ಕಳು ನೆನಪಿಟ್ಟುಕೊಳ್ಳುವಂಥ ಶಿಬಿರ ಸಾಧ್ಯವೇ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ — ನಿವೃತ್ತ ಸ್ಕೌಟ್ ಮಾಸ್ಟರ್, ಹೊಸನಗರ

ಮೇಷ್ಟ್ರೇ, ಧಾರಾಳವಾಗಿ ಸಾಧ್ಯ. ಬಸ್ಸಿನಲ್ಲಿ ಊರು ಸುತ್ತಿಸುವುದು ಪ್ರವಾಸವಾಗುತ್ತದೆಯೇ ಹೊರತು ಶಿಬಿರವಾಗುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಬೇಸಿಗೆಯಲ್ಲಿ ಜೋಗದ ಬಂಡೆಯೇ ಹೆಚ್ಚು ಕಾಣುವುದೆಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅದನ್ನು ನೋಡಲು ಏಪ್ರಿಲ್‌ನ ಬಿಸಿಲಿನಲ್ಲಿ ಹೋಗುವುದೇಕೆ?

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರಕ್ಕೆ ಬಂದಿದ್ದವರು ಸುಮಾರು 20 ಹುಡುಗರು. ಅವರನ್ನು ನಾಲ್ಕು ಪುಟ್ಟ ತಂಡಗಳಾಗಿ, ಅಂದರೆ ಪ್ಯಾಟ್ರೋಲ್‌ಗಳಾಗಿ ಹಂಚಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿ, ಆಯಾ ಪ್ಯಾಟ್ರೋಲ್‌ನ ಜವಾಬ್ದಾರಿಯನ್ನು ಅವನಿಗೇ ಬಿಟ್ಟದ್ದು ಆ ಶಿಬಿರದ ಜೀವಾಳ. ಆದ್ದರಿಂದ ನಿಮ್ಮ ಕಾರ್ಯಕ್ರಮ ಪಟ್ಟಿಯನ್ನು ಬರೆಯುವ ಮೊದಲು ಪ್ಯಾಟ್ರೋಲ್‌ಗಳನ್ನು ಗಟ್ಟಿಮಾಡಿ. ಮೈದಾನದಲ್ಲಿ ಪ್ರತಿ ಪ್ಯಾಟ್ರೋಲ್‌ಗೂ ಬೇರೆ ಬೇರೆ ಜಾಗ, ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಹಗ್ಗ ಕೊಟ್ಟುಬಿಡಿ. ಅಡುಗೆ ಭಟ್ಟರನ್ನು ಕರೆಸಿ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಡಿಸುವ ಶಿಬಿರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಮಕ್ಕಳು ಊಟದ ಗಂಟೆಗೆ ಕಾಯುತ್ತಾರೆ, ಬೇರೇನೂ ಕಲಿಯುವುದಿಲ್ಲ.

ಇನ್ನು ಚಟುವಟಿಕೆಯ ಮಾತು. ನಿಮ್ಮಲ್ಲಿ ಹಳ್ಳವಿದೆ ಎಂದಿರಿ. ಏಪ್ರಿಲ್‌ನಲ್ಲಿ ಅದರಲ್ಲಿ ನೀರು ಬತ್ತಿರುತ್ತದೆ, ಅಥವಾ ಪಾದ ಮುಳುಗುವಷ್ಟಿರುತ್ತದೆ. ಅಲ್ಲಿ ಮಕ್ಕಳಿಂದಲೇ ಒಂದು ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಕಟ್ಟಿಸಿ. ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಬರುವ ಮಕ್ಕಳಿಗೆ ಅದನ್ನು ಕಟ್ಟುವುದು ಹೇಗೆಂಬ ಕುತೂಹಲ ಇದ್ದೇ ಇರುತ್ತದೆ. ತೊಲೆಗೆ ಬಲಿತ ಬಿದಿರು ಅಥವಾ ಗಾಳಿಮರದ ಕಂಬ, ಮೇಲೆ ಹಾಸಲು ಅಡಕೆ ದಬ್ಬೆ (ಸೀಳಿದ ಅಡಕೆ ಮರ), ಬಿಗಿಯಲು ತೆಂಗಿನ ನಾರಿನ ಹಗ್ಗ, ಇಷ್ಟು ಸಾಕು. ಯಾವುದನ್ನೂ ಕಾಡಿನಿಂದ ಕಡಿದು ತರಬೇಡಿ, ತೋಟದವರನ್ನು ಕೇಳಿದರೆ ಸಿಗುತ್ತದೆ. ನೈಲಾನ್ ಹಗ್ಗ ಬಿದಿರಿನ ಮೇಲೆ ಜಾರುತ್ತದೆ, ಬೇಡ.

ಎರಡು ಕಂಬಗಳನ್ನು ಅಡ್ಡಡ್ಡ ಇಟ್ಟು ಹಗ್ಗದಿಂದ ಬಿಗಿಯುವ ಸ್ಕ್ವೇರ್ ಲ್ಯಾಶಿಂಗ್ ಅನ್ನು ಕರಿಹಲಗೆಯ ಮೇಲೆ ಎಷ್ಟು ಬಿಡಿಸಿ ತೋರಿಸಿದರೂ ತಲೆಗೆ ಹತ್ತುವುದಿಲ್ಲ. ನಿಂತ ಕಂಬಕ್ಕೆ, ಅಡ್ಡಕಂಬದ ಸ್ವಲ್ಪ ಕೆಳಗೆ ಕ್ಲೋವ್ ಹಿಚ್ ಗಂಟು ಹಾಕಿ ಆರಂಭಿಸಬೇಕು. ಅಡ್ಡಕಂಬದ ಮುಂದಿನಿಂದ ಮೇಲೆ ತಂದು ನಿಂತ ಕಂಬದ ಹಿಂದೆ ಹಾಯಿಸಿ, ಮತ್ತೆ ಅಡ್ಡಕಂಬದ ಮುಂದೆ ಇಳಿಸಿ, ಹೀಗೆ ಮೂರು ಸುತ್ತು ಬಿಗಿಯಾಗಿ ಹಾಕಬೇಕು. ಬಳಿಕ ಎರಡು ಕಂಬಗಳ ನಡುವಿನ ಸಂದಿಯಲ್ಲಿ ಹಗ್ಗವನ್ನು ತೂರಿಸಿ, ಮೊದಲು ಹಾಕಿದ ಸುತ್ತುಗಳನ್ನೇ ಎರಡು ಬಾರಿ ಸುತ್ತಿ ಎಳೆದು, ಅಡ್ಡಕಂಬದ ಮೇಲೆ ಕ್ಲೋವ್ ಹಿಚ್‌ನಿಂದ ಮುಗಿಸಬೇಕು. ಈ ಸಂದಿಯ ಸುತ್ತು ಸಡಿಲವಾದರೆ ಉಳಿದದ್ದೆಲ್ಲ ವ್ಯರ್ಥ. ಕಟ್ಟಿದ ಸಂಕವನ್ನು ಮೊದಲು ನೀವೇ ಹತ್ತಿ ನೋಡಿ. ಎತ್ತರ ಮೊಣಕಾಲು ಮೀರದಿರಲಿ. ಸಾಧ್ಯವಾದರೆ ಮರ ಹತ್ತಿ ಅಡಕೆ ಕೊನೆ ಇಳಿಸುವ ನಿಮ್ಮೂರಿನ ಕೊನೆಗಾರರೊಬ್ಬರನ್ನು ಒಂದು ಬೆಳಗ್ಗೆ ಕರೆಸಿ. ಆ ಹೊತ್ತಿಗೆ ಕೊಯ್ಲು ಮುಗಿದು ಅವರಿಗೂ ಬಿಡುವಿರುತ್ತದೆ. ಹಗ್ಗವನ್ನು ನಂಬಿ ಮರದ ತುದಿಯಲ್ಲಿ ಕೂರುವವರು ಗಂಟಿನ ಬಗ್ಗೆ ಹೇಳಿದರೆ ಅದರ ತೂಕವೇ ಬೇರೆ.

ಪಾತ್ರೆಯಿಲ್ಲದ ಅಡುಗೆಯನ್ನೂ ಮಾಡಿಸಿ. ಅರಿಶಿನದ ಎಲೆ ಈ ಕಾಲಕ್ಕೆ ಸಿಗುವುದಿಲ್ಲ, ಬಾಳೆಎಲೆಯಲ್ಲಿ ಅಕ್ಕಿರೊಟ್ಟಿ ಸುಡಬಹುದು, ಗೆಣಸಿಗೆ ಹಸಿ ಮಣ್ಣು ಮೆತ್ತಿ ಕೆಂಡದಲ್ಲಿ ಹೂಳಬಹುದು. ಒಲೆಗೆ ಹಳ್ಳದಿಂದ ಎತ್ತಿದ ಒದ್ದೆ ಕಲ್ಲು ಮಾತ್ರ ಬೇಡ. ಒಳಗಿನ ತೇವ ಕಾಯ್ದು ಕಲ್ಲು ಸಿಡಿಯುತ್ತದೆ.

ಉತ್ತರ — ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿ, ಸಾಗರ

ಮೇಲಿನ ಹಿರಿಯರ ಸಲಹೆ ಚೆನ್ನಾಗಿದೆ. ಆದರೆ ಪೋಷಕರ ಎರಡನೆಯ ಮಾತಿಗೆ ಅವರು ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಮಂಗನ ಕಾಯಿಲೆ ಮೊದಲು ಗುರುತಿಗೆ ಬಂದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನ ಮೂಲಕ ಹರಡುವ ಈ ವೈರಾಣು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ, ಅಂದರೆ ನಿಮ್ಮ ಶಿಬಿರದ ದಿನಗಳು ಸರಿಯಾಗಿ ಅದರೊಳಗೇ ಬೀಳುತ್ತವೆ. ಎಳೆಯ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದಿರುವುದರಿಂದ ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ.

ಹಾಗೆಂದು ಶಿಬಿರವನ್ನೇ ಕೈಬಿಡಬೇಕಾಗಿಲ್ಲ. ಸ್ಥಳ ನಿರ್ಧರಿಸುವ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಸುತ್ತಮುತ್ತ ಆ ಋತುವಿನಲ್ಲಿ ಮಂಗ ಸತ್ತ ವರದಿಯಾಗಲಿ ರೋಗದ ಪ್ರಕರಣವಾಗಲಿ ಇದೆಯೇ ಎಂದು ವಿಚಾರಿಸಿ. ಇದ್ದರೆ ಆ ದಿಕ್ಕನ್ನು ಬಿಟ್ಟುಬಿಡಿ. ಉಣುಗು ತಡೆಯಲು ಹಚ್ಚಿಕೊಳ್ಳುವ ಡೆಪಾ ತೈಲದ ಬಗ್ಗೆಯೂ ಅಲ್ಲೇ ಕೇಳಿ. ಮೈದಾನದ ದರಕನ್ನು (ಉದುರಿದ ಒಣ ಎಲೆಗಳನ್ನು) ಗುಡಿಸುವ ಕೆಲಸವನ್ನು ಮಕ್ಕಳಿಂದ ಮಾಡಿಸಬೇಡಿ, ದರಕಿನ ಮೇಲೆ ಕೂರಿಸಲೂಬೇಡಿ. ಸೇವಾ ಕಾರ್ಯವೆಂದು ತೋಟದಂಚಿನ ದರಕು ಒಟ್ಟುಮಾಡಿಸುವ ಪದ್ಧತಿಯಿದ್ದರೆ ಅದನ್ನು ಈ ಋತುವಿನಲ್ಲಿ ನಿಲ್ಲಿಸುವುದೇ ಸರಿ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಉದ್ದ ಪ್ಯಾಂಟ್ ಕಡ್ಡಾಯವಾಗಲಿ. ಸಮವಸ್ತ್ರವೆಂದು ಚಡ್ಡಿ ತೊಡಿಸಿ ತೋಟ ಗದ್ದೆ ಸುತ್ತಿಸುವುದು ನನಗಂತೂ ಹಿಡಿಸದು. ಸಂಜೆ ಬಿಸಿನೀರಿನ ಸ್ನಾನ, ತೊಟ್ಟ ಬಟ್ಟೆ ಬಿಸಿನೀರಿಗೆ. ಶಿಬಿರ ಮುಗಿದು ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಪ್ರತಿ ಮನೆಗೂ ಬರೆದು ಕಳುಹಿಸಿ.

ಪ್ರಥಮ ಚಿಕಿತ್ಸೆಯ ತರಗತಿಯ ಬಗ್ಗೆ ಇನ್ನೊಂದು ಮಾತು. ಹಾವು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ರಕ್ತ ಹೀರುವುದು, ಇವನ್ನು ಈಗಲೂ ಕೆಲವೆಡೆ ಹೇಳಿಕೊಡುತ್ತಾರೆ. ಮೂರೂ ತಪ್ಪು. ಕಚ್ಚಿಸಿಕೊಂಡವರನ್ನು ಓಡಾಡಲು ಬಿಡದೆ, ಆ ಕೈ ಅಥವಾ ಕಾಲು ಅಲುಗದಂತೆ ಮರದ ಪಟ್ಟಿ ಇಟ್ಟು ತ್ರಿಕೋನ ಬ್ಯಾಂಡೇಜಿನಿಂದ ಆಧಾರ ಕೊಟ್ಟು, ಆ್ಯಂಟಿವೆನಮ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಆ ಆಸ್ಪತ್ರೆ ಯಾವುದು, 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಬಿಸಿಲಿಗೆ ಬಳಲಿದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡುವುದನ್ನು ಮಕ್ಕಳೇ ಅಳತೆ ಮಾಡಿ ಕಲಿಯಲಿ.

ಉತ್ತರ — ಗೈಡ್ ಕ್ಯಾಪ್ಟನ್, ಶಿವಮೊಗ್ಗ

ಸರ್, ಗೈಡ್ ವಿದ್ಯಾರ್ಥಿನಿಯರೂ ಬರುತ್ತಾರೆ ಎಂದು ಬರೆದಿದ್ದೀರಿ, ಸಂತೋಷ. ಆದರೆ ಜಂಟಿ ಶಿಬಿರಗಳಲ್ಲಿ ಹುಡುಗರು ಸಂಕ ಕಟ್ಟುವಾಗ ಹುಡುಗಿಯರು ತರಕಾರಿ ಹೆಚ್ಚುತ್ತಿರುವುದು, ಹುಡುಗರು ಚಾರಣಕ್ಕೆ ಹೊರಟಾಗ ಹುಡುಗಿಯರು ರಂಗೋಲಿ ಸ್ಪರ್ಧೆಗೆ ಕೂರುವುದು ನಮ್ಮ ಕಡೆ ಸಾಮಾನ್ಯ. ಪ್ರತಿ ಪ್ಯಾಟ್ರೋಲ್‌ಗೂ ಬೇರೆ ಒಲೆ ಎಂಬ ಸಲಹೆಯನ್ನು ನಾನು ಇನ್ನೊಂದು ಕಾರಣಕ್ಕೆ ಬೆಂಬಲಿಸುತ್ತೇನೆ: ಆಗ ಹುಡುಗರ ಅನ್ನ ಹುಡುಗರೇ ಬೇಯಿಸಿಕೊಳ್ಳಬೇಕಾಗುತ್ತದೆ. ರಾತ್ರಿ ಮಹಿಳಾ ಶಿಕ್ಷಕಿಯರು ಜೊತೆಗಿರುವುದು, ಶೌಚಾಲಯಕ್ಕೆ ನೀರು ಮತ್ತು ಬೆಳಕು ಇರುವುದು, ಪೋಷಕರ ಲಿಖಿತ ಒಪ್ಪಿಗೆ, ಇಷ್ಟಾದರೆ ನನ್ನ ಅನುಭವದಲ್ಲಿ ತಾಯಂದಿರು ಅಡ್ಡಿ ಮಾಡುವುದಿಲ್ಲ.

ಹೊಳೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬೇಸಿಗೆಯಲ್ಲಿ ತುಂಗೆ ತೆಳ್ಳಗೆ ಹರಿಯುವುದನ್ನು ನೋಡಿ ಎಲ್ಲರೂ ಮೋಸಹೋಗುತ್ತಾರೆ. ಬಂಡೆಗಳ ನಡುವಿನ ಮಡುಗಳಿಗೂ ಮರಳು ತೆಗೆದ ಗುಂಡಿಗಳಿಗೂ ಆಳ ಹಾಗೆಯೇ ಇರುತ್ತದೆ. ಈಜು ಕಲಿಸುವುದಾದರೆ ಈಜುಕೊಳದಲ್ಲಿ, ತರಬೇತುದಾರರ ಎದುರು. ಶಿಬಿರದಲ್ಲಿ ಬೇಕಾದರೆ ಮೈದಾನದಲ್ಲೇ ಹಗ್ಗ ಎಸೆಯುವುದನ್ನು ರೂಢಿ ಮಾಡಿಸಿ. ಮುಳುಗುತ್ತಿರುವವರ ಕಡೆಗೆ ಕೋಲು ಚಾಚಬೇಕು ಇಲ್ಲವೇ ಹಗ್ಗ ಎಸೆಯಬೇಕು, ತಾನೇ ನೀರಿಗೆ ಧುಮುಕಬಾರದು ಎಂಬುದು ಈ ವಯಸ್ಸಿನವರಿಗೆ ಅಭ್ಯಾಸವಾಗಿಬಿಡಬೇಕು.

ಉತ್ತರ — ರೋವರ್ (ಹಿರಿಯ ಸ್ಕೌಟ್), ಶಿವಮೊಗ್ಗ

ಚಾರಣ ಪೂರ್ತಿ ಬಿಡಬೇಡಿ ಸರ್, ಮಕ್ಕಳು ಅದಕ್ಕೇ ಕಾದಿರುತ್ತಾರೆ. ಕೊಡಚಾದ್ರಿ 1,343 ಮೀಟರ್ ಎತ್ತರದ್ದು, ಅಭಯಾರಣ್ಯದೊಳಗಿನದು, ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ಶಿಬಿರಕ್ಕೆ ಅದು ಭಾರವಾದೀತು. ನಿಮ್ಮ ತಾಲ್ಲೂಕಿನಲ್ಲೇ ಕವಲೇದುರ್ಗವಿದೆ. ಕೆಳದಿ ಅರಸರ ಆ ಕೋಟೆಗೆ ಕಲ್ಲು ಹಾಸಿದ ದಾರಿಯೇ ಇರುವುದರಿಂದ ಪೊದೆಗೆ ಕಾಲಿಡಬೇಕಾಗಿಲ್ಲ. ಆದರೂ ಆರೋಗ್ಯ ಕೇಂದ್ರದವರ ಮಾತು ಕೇಳಿಯೇ ದಿನ ಗೊತ್ತುಮಾಡಿ. ಬೆಳಗ್ಗೆ ಆರಕ್ಕೆ ಹತ್ತಲು ಆರಂಭಿಸಿ, ಬಿಸಿಲೇರುವ ಮೊದಲು ಇಳಿದುಬಿಡಿ. ಸುಮ್ಮನೆ ಹತ್ತಿಳಿಸುವ ಬದಲು ಪ್ರತಿ ಪ್ಯಾಟ್ರೋಲ್‌ಗೂ ದಿಕ್ಸೂಚಿ ಕೊಟ್ಟು, ಬಾಗಿಲು, ಕೊಳ, ಗುಡಿ, ಅರಮನೆಯ ತಳಪಾಯಗಳನ್ನು ಹೆಜ್ಜೆ ಎಣಿಸಿ ಅಳೆದು ನಕ್ಷೆ ಬರೆಯಲು ಹೇಳಿ. ಸಂಜೆ ನಕ್ಷೆಗಳನ್ನು ಪಕ್ಕಪಕ್ಕ ಹರಡಿದಾಗ ಯಾರ ಕೊಳ ಎಲ್ಲಿದೆ ಎಂದು ಅವರವರೇ ವಾದಿಸಿಕೊಳ್ಳುತ್ತಾರೆ, ನಿಮಗೆ ಕೆಲಸವೇ ಇರುವುದಿಲ್ಲ.

ತೋಟದಲ್ಲಿ ಎತ್ತರದ ಅಂದಾಜು ಮಾಡಿಸಿ. ಕೈ ನೀಡಿ ಕೋಲು ಹಿಡಿದು, ಕೋಲಿನ ತುದಿ ಮರದ ತುದಿಗೂ ಹೆಬ್ಬೆರಳು ಬುಡಕ್ಕೂ ಹೊಂದುವಂತೆ ಹಿಂದೆ ಮುಂದೆ ಸರಿದು, ಹೆಬ್ಬೆರಳನ್ನು ಅಲ್ಲೇ ಇಟ್ಟು ಕೋಲನ್ನು ಅಡ್ಡ ಮಲಗಿಸಬೇಕು. ಈಗ ತುದಿ ಕಾಣುವ ಕಡೆಗೆ ಗೆಳೆಯನೊಬ್ಬನನ್ನು ನಿಲ್ಲಿಸಿ, ಬುಡದಿಂದ ಅವನವರೆಗೆ ಅಳೆದರೆ ಅದೇ ಮರದ ಎತ್ತರ. ಅಡಕೆ ಮರಕ್ಕೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅಡಕೆ ಕೊಯ್ಯುವ ಉದ್ದ ಫೈಬರ್ ದೋಟಿ ಎತ್ತಿ ನಿಲ್ಲಿಸಿದರೆ ಯಾರ ಅಂದಾಜು ಸರಿ ಎಂಬುದು ಅಲ್ಲೇ ಬಯಲಾಗುತ್ತದೆ. ಮೇಲೆ ವಿದ್ಯುತ್ ತಂತಿ ಇಲ್ಲದ ಕಡೆ ಮಾತ್ರ ಎತ್ತಿ, ಅದೂ ದೊಡ್ಡವರ ಕೈಯಿಂದ.

ಯಾರೂ ಗುಡುಗು ಸಿಡಿಲಿನ ಮಾತೆತ್ತಿಲ್ಲ. ಅಶ್ವಿನಿ, ಭರಣಿ ಮಳೆಗಳು ಬರುವುದೇ ಮಧ್ಯಾಹ್ನದ ಮೇಲೆ, ಸಿಡಿಲಿನೊಡನೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಮಕ್ಕಳೇ ಎಣಿಸಲಿ; ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30 ದಾಟುವ ಮೊದಲೇ ಗುಡುಗು ಕೇಳಿದರೆ ಡೇರೆ, ಮರದ ಬುಡ ಬಿಟ್ಟು ಶಾಲಾ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಬರಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶಿಬಿರವನ್ನು ಶಾಲೆಯಲ್ಲೇ ನಡೆಸಿ, ಆರೋಗ್ಯ ಕೇಂದ್ರದವರು ಒಪ್ಪಿದರೆ ಒಂದು ಬೆಳಗ್ಗೆ ಕವಲೇದುರ್ಗಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಸಂಕದ ಕೆಲಸದಲ್ಲಿ ಗೈಡ್ ಪ್ಯಾಟ್ರೋಲ್‌ಗಳೂ ಇರುತ್ತವೆ. ಉಳಿದಿರುವ ಒಂದು ಸಂದೇಹ ಶಿಬಿರಾಗ್ನಿಯದು: ಸುತ್ತ ಹುಲ್ಲೆಲ್ಲ ಒಣಗಿರುವಾಗ ಅದು ಬೇಕೇ?

ಉತ್ತರ — ನಿವೃತ್ತ ಸ್ಕೌಟ್ ಮಾಸ್ಟರ್, ಹೊಸನಗರ

ಶಿಬಿರಾಗ್ನಿ ಬೇಕು, ಚಿಕ್ಕದು ಸಾಕು. ಮೈದಾನದ ನಡುವೆ ಹುಲ್ಲಿನ ಪದರವನ್ನು ಅಗಲಕ್ಕೆ ಕೆತ್ತಿ ತೆಗೆದು, ಮಣ್ಣು ಕಂಡ ಮೇಲೆ ಸೌದೆ ಒಟ್ಟಿ. ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯವರು ಕಾಳ್ಗಿಚ್ಚಿನ ಕಾವಲಿನಲ್ಲಿರುತ್ತಾರೆ, ಆದ್ದರಿಂದ ನಿಮ್ಮ ವಲಯದ ಕಚೇರಿಗೆ ಮೊದಲೇ ತಿಳಿಸಿಬಿಡಿ. ಗಾಳಿ ಎದ್ದ ಸಂಜೆ ಹಚ್ಚುವುದೇ ಬೇಡ, ನಡುವೆ ಒಂದು ಲಾಟೀನು ಇಟ್ಟು ಹಾಡು, ಕಿರುನಾಟಕ ನಡೆಸಿ; ಮಕ್ಕಳ ಉತ್ಸಾಹ ಅದರಿಂದ ಕಡಿಮೆಯಾಗುವುದಿಲ್ಲ. ಬೆಂಕಿ ಹಚ್ಚಿದ ದಿನ ಆರಿಸುವ ಸರದಿಯನ್ನು ಒಂದು ಪ್ಯಾಟ್ರೋಲ್‌ಗೆ ಒಪ್ಪಿಸಿ: ಕೆಂಡ ಕೆದಕಿ ನೀರು ಸುರಿದು, ಮತ್ತೆ ಕೆದಕಿ ಸುರಿದು, ಬೂದಿಯ ಸಮೀಪ ಅಂಗೈ ಹಿಡಿದಾಗ ಸ್ವಲ್ಪವೂ ಬಿಸಿ ತಾಗದೆ ಇದ್ದರೆ ಮಾತ್ರ ಆ ಪ್ಯಾಟ್ರೋಲ್‌ನವರು ಮಲಗಲು ಹೋಗಬಹುದು.